ಗಾಳಿ ಎಷ್ಟು, ಪೆಟ್ರೋಲು ಎಷ್ಟು?

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆ ಉರಿದದ್ದು ಮಲೆನಾಡಿನ ಸೌದೆಯಿಂದ ಮಾಡಿದ ಇದ್ದಿಲಿನಿಂದ. ಸೌದೆಯನ್ನು ಗಾಳಿ ತಗುಲದಂತೆ ಕಾಯಿಸಿದರೆ ಅದು ಉರಿದು ಬೂದಿಯಾಗುವುದಿಲ್ಲ, ಇದ್ದಿಲಾಗುತ್ತದೆ. ಆ ಇದ್ದಿಲನ್ನು ಕುಲುಮೆಗೆ ತುಂಬಿ ಕೆಳಗಿನಿಂದ ಬಿಸಿಗಾಳಿ ಊದಿದಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಬಿಡಿಸಿಕೊಡುವುದು ಈ ಅನಿಲವೇ. ಗಾಳಿ ಧಾರಾಳವಾಗಿ ಸಿಗುವ ಮನೆಯ ಒಲೆಯಲ್ಲಾದರೆ ಅದೇ ಇದ್ದಿಲು ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಇಂಧನ ಒಂದೇ ಆದರೂ ಗಾಳಿಯ ಅಳತೆ ಬದಲಾದರೆ ಫಲವೂ ಬದಲಾಗುತ್ತದೆ.

ಶಿವಮೊಗ್ಗದ ಗ್ಯಾರೇಜುಗಳಲ್ಲಿ ಕಾರಿನ ಬಾನೆಟ್ ಎತ್ತಿ ನಿಲ್ಲುವ ಮೆಕ್ಯಾನಿಕ್ ಬಿಡಿಸುವ ಲೆಕ್ಕವೂ ಇದೇ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಕಾರು ನಿಜವಾಗಿ ಕುಡಿಯುವುದು ಗಾಳಿಯನ್ನೇ ಎಂದರೂ ತಪ್ಪಿಲ್ಲ. ಪೆಟ್ರೋಲು ಈ ಅಳತೆಗಿಂತ ಹೆಚ್ಚಾದರೆ ಮಿಶ್ರಣ 'ರಿಚ್', ಕಡಿಮೆಯಾದರೆ 'ಲೀನ್' ಎನ್ನುವುದು ಗ್ಯಾರೇಜಿನ ಮಾತು.

ಇದ್ದಿಲಿನಿಂದ ಓಡಿದ ಬಸ್ಸು

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ನಮ್ಮ ನಾಡಿನ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದ್ದನ್ನು ಹಿರಿಯರು ಹೇಳಿರಬಹುದು. ಬಸ್ಸಿಗೆ ಕಟ್ಟಿದ ಉರುಳೆಯಲ್ಲಿ ಇದ್ದಿಲು ಅರೆಬರೆ ಉರಿದು ಮಾನಾಕ್ಸೈಡ್ ಅನಿಲ ಕೊಡುತ್ತಿತ್ತು. ಅದಕ್ಕೆ ಹೆಚ್ಚುಕಡಿಮೆ ಸಮಪಾಲು ಗಾಳಿ ಬೆರೆಸಿ ಎಂಜಿನ್ನಿಗೆ ಬಿಡಬೇಕಿತ್ತು. ಗಾಳಿಯ ಅಳತೆಯನ್ನು ಸರಿಪಡಿಸುವ ಸನ್ನೆಗೋಲು ಚಾಲಕನ ಕೈಯಲ್ಲೇ ಇರುತ್ತಿತ್ತು. ಎಂಜಿನ್ನಿನ ಸದ್ದು ಕೇಳಿ, ಏರಿನಲ್ಲಿ ಅದು ಏದುಸಿರು ಬಿಡುವುದನ್ನು ಗಮನಿಸಿ, ಅವನು ಮಿಶ್ರಣವನ್ನು ಹದಮಾಡುತ್ತಿದ್ದ.

ಕಾರ್ಬ್ಯುರೇಟರಿನ ಕಾಲದಲ್ಲೂ ಪರಿಣತರಿಗೆ ಕಿವಿಯೇ ಮುಖ್ಯ ಸಾಧನ. ಜೊತೆಗೆ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ನೋಡುವ ರೂಢಿ. ತುದಿಯಲ್ಲಿ ಕಪ್ಪು ಮಸಿ ಕೂತಿದ್ದರೆ ರಿಚ್, ಬಿಳಿಚಿಕೊಂಡಿದ್ದರೆ ಲೀನ್, ತಿಳಿ ಕಂದು ಬಣ್ಣವಿದ್ದರೆ ಸರಿ. ಈ ವಿದ್ಯೆ ಸುಳ್ಳಲ್ಲ. ಆದರೆ ಪ್ಲಗ್ಗು ಹೇಳುವುದು ಆಗಿಹೋದ ಕಥೆ. ಎಂಜಿನ್ ಓಡುತ್ತಿರುವಾಗ ಆ ಕ್ಷಣದಲ್ಲಿ ಏನಾಗುತ್ತಿದೆ ಎಂಬುದನ್ನು ಅದು ಹೇಳಲಾರದು.

ಹೊಗೆ ನುಡಿಯುವ ಲೆಕ್ಕ

ಆ ಕೊರತೆಯನ್ನು ತುಂಬಿದ್ದು ಆಮ್ಲಜನಕ ಸಂವೇದಕ. ಜರ್ಮನಿಯ ಬಾಷ್ ಕಂಪನಿ ತಯಾರಿಸಿದ ಈ ಪುಟ್ಟ ಸಾಧನ 1976ರಲ್ಲಿ ಮೊದಲು ವೋಲ್ವೊ ಕಾರಿನಲ್ಲಿ ಬಂತು. ಇದರ ಜೀವಾಳ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಅದರ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಎಂಜಿನ್ನಿನ ಹೊಗೆ. ಚೆನ್ನಾಗಿ ಕಾದಾಗ, ಎರಡೂ ಬದಿಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ಅದು ಸಣ್ಣ ವಿದ್ಯುತ್ತನ್ನು ಉಂಟುಮಾಡುತ್ತದೆ. ರಿಚ್ ಆದರೆ ಸುಮಾರು 0.9 ವೋಲ್ಟ್, ಲೀನ್ ಆದರೆ ಸುಮಾರು 0.1 ವೋಲ್ಟ್. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕಿನೊಳಗಿನ ಆಮ್ಲಜನಕವನ್ನು ಅಳೆಯುವುದೂ ಇದೇ ತತ್ವದಿಂದ!

ಈ ಸಾಮಾನ್ಯ ಸಂವೇದಕ 14.7ರ ಗೆರೆಯ ಆಚೆಯೋ ಈಚೆಯೋ ಎಂದಷ್ಟೇ ಹೇಳುತ್ತದೆ, ಎಷ್ಟು ದೂರ ಎಂದು ಹೇಳುವುದಿಲ್ಲ. ದಿನಬಳಕೆಯ ಕಾರಿಗೆ ಅಷ್ಟು ಸಾಕು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದು ಆ ಗೆರೆಯ ಆಸುಪಾಸಿನಲ್ಲೇ. ರ‍್ಯಾಲಿಗೋ ರೇಸಿಗೋ ಸಿದ್ಧಪಡಿಸುವ ಕಾರಿನ ಮಾತೇ ಬೇರೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಗರಿಷ್ಠ ಶಕ್ತಿ ದೊರೆಯುವುದು 12.5ರಿಂದ 13ರ ಸುಮಾರಿನಲ್ಲಿ. ಟರ್ಬೊ ಇದ್ದರೆ ಇನ್ನೂ ಸ್ವಲ್ಪ ರಿಚ್ ಇಡುತ್ತಾರೆ. ಹೆಚ್ಚುವರಿ ಪೆಟ್ರೋಲು ಆವಿಯಾಗುವಾಗ ಶಾಖ ಹೀರಿ ಸಿಲಿಂಡರನ್ನು ತಂಪಾಗಿಡುತ್ತದೆ. ಇಂಥಲ್ಲಿ ನಿಖರವಾದ ಅಂಕಿಯನ್ನೇ ತೋರಿಸುವ 'ವೈಡ್‌ಬ್ಯಾಂಡ್' ಸಂವೇದಕ ಬೇಕು.

ಪೂರ್ತಿ ವೇಗದಲ್ಲಿ ಮಿಶ್ರಣ ಲೀನ್ ಆದರೆ ಆಗುವ ಅನಾಹುತ ಸಣ್ಣದಲ್ಲ. ಸಿಲಿಂಡರಿನೊಳಗೆ ಶಾಖ ಏರಿ, ಮಿಶ್ರಣ ಅಡ್ಡಾದಿಡ್ಡಿಯಾಗಿ ಸ್ಫೋಟಿಸಿ 'ನಾಕಿಂಗ್' ಶುರುವಾಗುತ್ತದೆ. ಅಲ್ಯೂಮಿನಿಯಮ್ಮಿನ ಪಿಸ್ಟನ್ ಕರಗಿ ತೂತಾಗಲು ಕೆಲವೇ ಕ್ಷಣ ಸಾಕು. ಅತಿಯಾಗಿ ರಿಚ್ ಆದರೂ ನಷ್ಟವೇ: ಸಿಲಿಂಡರ್ ಗೋಡೆಯ ಎಣ್ಣೆ ತೊಳೆದುಹೋಗಿ ಸವೆತ ಹೆಚ್ಚುತ್ತದೆ.

ಮಾಪಕ ಇದ್ದಮಾತ್ರಕ್ಕೆ ಎಲ್ಲ ಸರಿ ಎನ್ನುವಂತಿಲ್ಲ. ಸಂವೇದಕಕ್ಕಿಂತ ಮುಂಚೆ ಹೊಗೆಕೊಳವೆಯಲ್ಲಿ ಸಣ್ಣ ಬಿರುಕಿದ್ದರೆ ಹೊರಗಿನ ಗಾಳಿ ನುಸುಳಿ, ಸರಿಯಿರುವ ಮಿಶ್ರಣವೂ ಲೀನ್ ಎಂದು ಕಾಣುತ್ತದೆ. ಒಂದು ಪ್ಲಗ್ಗು ಕಿಡಿ ಹಾರಿಸದಿದ್ದರೂ ಉರಿಯದೆ ಉಳಿದ ಆಮ್ಲಜನಕ ಹೊರಬಂದು ಅದೇ ಸುಳ್ಳನ್ನು ಹೇಳಿಸುತ್ತದೆ. ಅಂಕಿ ನಂಬಿ ಪೆಟ್ರೋಲು ಹೆಚ್ಚಿಸಿದವನು ಕೆಡುತ್ತಾನೆ. ಆದ್ದರಿಂದ ಬಲ್ಲವರು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ವೇಗ, ಒತ್ತಡ, ಮಿಶ್ರಣ ಮೂರನ್ನೂ ದಾಖಲಿಸಿಕೊಂಡು ಮುಂದುವರಿಯುತ್ತಾರೆ.

ಬೆಟ್ಟವೂ ಬದಲು, ಪೆಟ್ರೋಲೂ ಬದಲು

ಭದ್ರಾವತಿಗೆ ಅದಿರು ಕೊಟ್ಟ ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ ಸುಮಾರು 1,430 ಮೀಟರ್ ಎತ್ತರದಲ್ಲಿದೆ. ಶಿವಮೊಗ್ಗ ಸುಮಾರು 570 ಮೀಟರ್. ಇಲ್ಲಿಂದ ಅಲ್ಲಿಗೆ ಏರುವಷ್ಟರಲ್ಲಿ ಗಾಳಿಯ ಸಾಂದ್ರತೆ ಶೇಕಡಾ 8ರಷ್ಟು ಇಳಿಯುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಕಾರು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಡಿಮೆ ಮಾಡಿಕೊಳ್ಳದು. ಬೆಟ್ಟದ ಮೇಲೆ ಮಿಶ್ರಣ ರಿಚ್ ಆಗಿ ಎಂಜಿನ್ ಮಂಕಾಗುತ್ತದೆ.

ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆಸಿದರೆ ಆಗುವುದು ಇದಕ್ಕೆ ವಿರುದ್ಧ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದರ ಒಂದು ಕಿಲೋಗೆ 9 ಕಿಲೋ ಗಾಳಿ ಸಾಕು. ಬೆರಕೆಯ ಪೆಟ್ರೋಲಿಗೆ ಸರಿಯಾದ ಅಳತೆ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಶುದ್ಧ ಪೆಟ್ರೋಲಿಗೆ ಹೊಂದಿಸಿಟ್ಟ ಕಾರ್ಬ್ಯುರೇಟರ್ ಈಗ ಶೇಕಡಾ 7ರಷ್ಟು ಲೀನ್ ಓಡುತ್ತದೆ. ಮನೆಯಲ್ಲಿ ಹಳೆಯ ಕಾರನ್ನು ಜೋಪಾನವಾಗಿ ಇಟ್ಟುಕೊಂಡವರು ಅದರ ಜೆಟ್ ಪರೀಕ್ಷಿಸಿಸುವುದು ಒಳ್ಳೆಯದು. ಸಂವೇದಕ ಇರುವ ಹೊಸ ಎಂಜಿನ್ ಸಾಮಾನ್ಯ ಓಟದಲ್ಲಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಹಲವು ಕಾರುಗಳ ಕಂಪ್ಯೂಟರ್ ಸಂವೇದಕದ ಮಾತು ಕೇಳದೆ, ಮೊದಲೇ ಬರೆದಿಟ್ಟ ಲೆಕ್ಕದಂತೆ ಪೆಟ್ರೋಲು ಸುರಿಯುತ್ತದೆ. ಟ್ಯೂನಿಂಗ್ ಮಾಡುವವರು ತಿದ್ದುವುದು ಆ ಲೆಕ್ಕವನ್ನು.

ಕಲಿಯುವ ದಾರಿ

ಕಾರಿನ ಹುಚ್ಚು ಹತ್ತಿದ ಮಗನನ್ನೋ ಮಗಳನ್ನೋ ಕಂಡು ಪೋಷಕರು ಕಳವಳಪಡುವುದು ಸಹಜ. ರಸ್ತೆಯ ಮೇಲೆ ಓಡಿಸುವ ಕಾರನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿ ಟ್ಯೂನ್ ಮಾಡುವುದು ಇನ್ನೂ ಅಪಾಯಕರ. ಅದಿರಿನಿಂದ ಆಮ್ಲಜನಕ ಕಿತ್ತ ಅದೇ ಮಾನಾಕ್ಸೈಡ್ ವಾಸನೆಯಿಲ್ಲದೆ ಬಂದು ನಮ್ಮ ರಕ್ತವನ್ನೂ ಆಮ್ಲಜನಕಕ್ಕೆ ಎರವಾಗಿಸುತ್ತದೆ.

ಆದರೆ ಈ ಆಸಕ್ತಿಗೆ ಸರಿಯಾದ ಜಾಗಗಳಿವೆ. ಎಸ್‌ಎಇ ಇಂಡಿಯಾ 2011ರಲ್ಲಿ ಆರಂಭಿಸಿದ ಸುಪ್ರಾ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ರೇಸಿನ ಕಾರು ಕಟ್ಟುತ್ತಾರೆ. ಇಂಥ ಸ್ಪರ್ಧೆಗಳಲ್ಲಿ ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ವ್ಯಾಸದ ದ್ವಾರದಲ್ಲೇ ನುಗ್ಗಬೇಕೆಂಬ ನಿಯಮವಿದೆ. ಇದ್ದಷ್ಟು ಗಾಳಿಗೆ ತಕ್ಕಷ್ಟೇ ಪೆಟ್ರೋಲು ಹೊಂದಿಸಿದ ತಂಡ ಮುಂದೆ ಹೋಗುತ್ತದೆ. ಶಿವಮೊಗ್ಗದ ಪದವಿ ವಿದ್ಯಾರ್ಥಿಗಾಗಲಿ ಭದ್ರಾವತಿಯ ಐಟಿಐ ಹುಡುಗನಿಗಾಗಲಿ ಇದಕ್ಕೆ ಬೇಕಾದ ಮೊದಲ ಬಂಡವಾಳ ದುಬಾರಿ ಕಾರಲ್ಲ. ಪಿಯುಸಿಯ ರಸಾಯನಶಾಸ್ತ್ರ, ಅನುಪಾತದ ಗಣಿತ ಮತ್ತು ಅಳೆದದ್ದನ್ನು ಬರೆದಿಡುವ ಒಂದು ನೋಟ್‌ಬುಕ್ಕು.