ಸವಳು ಕಾಣುವುದು ಬೇಸಿಗೆಯಲ್ಲಿ

ಘಟಪ್ರಭಾ ಕಾಲುವೆಯ ಕೆಳಗಿನ ಹೊಲಗಳನ್ನು ಏಪ್ರಿಲ್‌ನಲ್ಲಿ ನೋಡಬೇಕು. ಮಳೆಗಾಲದಲ್ಲಿ ಕಪ್ಪಗಿದ್ದ ಎರೆಭೂಮಿಯ ಮೇಲೆ ಅಲ್ಲಲ್ಲಿ ಸುಣ್ಣ ಚೆಲ್ಲಿದಂಥ ಬಿಳಿ ಪದರ. ನೆಲದಡಿಯ ನೀರು ಮೇಲೇರಿ ಆವಿಯಾಗುತ್ತದೆ, ಹೊತ್ತು ತಂದ ಉಪ್ಪು ಅಲ್ಲೇ ಉಳಿಯುತ್ತದೆ. ರೈತರ ಬಾಯಲ್ಲಿ ಇದು ಸವಳು. ನೀರು ಬಸಿಯದೆ ನಿಂತರೆ ಜವಳು.

ಈ ಸವಳನ್ನು ಅಭ್ಯಾಸ ಮಾಡಬೇಕಾದ ಹುಡುಗ ಹುಡುಗಿಯರು ಮಾತ್ರ ಆಗ ಊರಲ್ಲಿರುವುದಿಲ್ಲ. ಕೃಷಿ ಪದವಿಯ ಕೊನೆಯ ವರ್ಷದವರು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಹಳ್ಳಿಗೆ ಬರುವುದು ಸಾಮಾನ್ಯವಾಗಿ ಮುಂಗಾರಿನಲ್ಲಿ. ಗುಡಿಯ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ, ಬೀಜೋಪಚಾರ ಮಾಡಿ ತೋರಿಸುತ್ತಾರೆ, ಹಸಿರು ನೋಡಿಕೊಂಡು ಹೋಗುತ್ತಾರೆ. ಅತ್ತ ಅಮೆರಿಕದ ಮಿನ್ನೆಸೋಟಾದಲ್ಲಿ, ಕಾವೇರಿದರೆ ನೆಲಕ್ಕೆ ಏನಾಗುತ್ತದೆಂದು ತಿಳಿಯಲು, ಜೌಗು ನೆಲವನ್ನು ಸುತ್ತಲಿಗಿಂತ 9 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಚ್ಚು ಬಿಸಿ ಮಾಡಿ, ಅದು ಉಗುಳುವ ಇಂಗಾಲವನ್ನು ಅಳೆದಿದ್ದಾರೆ. ನಮ್ಮಲ್ಲಿ ಬೇಸಿಗೆಯೇ ಆ ಕೆಲಸ ಮಾಡುತ್ತದೆ, ಬಿಸಿ ಮಾಡುವ ಖರ್ಚೇ ಇಲ್ಲ!

ಬೇಸಿಗೆಯಲ್ಲಿ ಇಲ್ಲಿ ಕಲಿಯಲು ನೆಲೆಗಳೂ ಇವೆ. ತುಕ್ಕಾನಟ್ಟಿಯಲ್ಲಿ ಬರ್ಡ್ಸ್ ಸಂಸ್ಥೆ ನಡೆಸುವ ಕೃಷಿ ವಿಜ್ಞಾನ ಕೇಂದ್ರವಿದೆ. ಹವಾಮಾನ ವೈಪರೀತ್ಯ ತಾಳುವ ಬೇಸಾಯಕ್ಕೆಂದು 2011ರಲ್ಲಿ ಶುರುವಾದ ನಿಕ್ರಾ ಯೋಜನೆಯಲ್ಲಿ ಹುಕ್ಕೇರಿ ತಾಲ್ಲೂಕಿನ ಯಾದಗೂಡ ಈ ಕೇಂದ್ರದ ಪಾಲಿಗೆ ಬಂದ ಊರು. ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು. ಗೋಕಾಕದ ಧೂಪದಾಳದಲ್ಲಿ 1897ರ ಒಡ್ಡು, ಅದರ ಹಿನ್ನೀರಿನಲ್ಲಿ ಘಟಪ್ರಭಾ ಪಕ್ಷಿಧಾಮ. ಚಳಿಗಾಲಕ್ಕೆ ಬರುವ ಡೆಮೊಸೆಲ್ ಕ್ರೇನ್‌ಗಳು ಬೇಸಿಗೆ ಹೊತ್ತಿಗೆ ಮಧ್ಯ ಏಷ್ಯಾದ ಕಡೆ ಹಾರಿಹೋಗಿರುತ್ತವೆ. ಹಕ್ಕಿ ನೋಡುವವರಿಗೆ ಇದು ನಷ್ಟ, ಮಣ್ಣು ನೋಡುವವರಿಗಲ್ಲ.

ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಪದವಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಅದು ಒಳ್ಳೆಯದೇ, ಆದರೆ ಬಹುಪಾಲು ಪ್ರಯೋಗಾಲಯಕ್ಕೇ ಕರೆದೊಯ್ಯುತ್ತದೆ. ಹೊಲದ ಕೆಲಸಕ್ಕೆ ಬೇಕಾದದ್ದು ಕಡಿಮೆ: ಮಣ್ಣು ತೆಗೆಯುವ ಆಗರ್, ವಿದ್ಯುತ್ ವಾಹಕತೆ ಅಳೆಯುವ ಮೀಟರ್, ಬಾವಿಯ ನೀರಿನ ಮಟ್ಟ ಬರೆದಿಡಲು ಒಂದು ನೋಟ್‌ಬುಕ್. ಒಂದೇ ಹೊಲದ ನಾಲ್ಕು ಜಾಗ, ವಾರಕ್ಕೊಮ್ಮೆ, ಎರಡು ತಿಂಗಳು.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವಂತಿಲ್ಲ. ಕಬ್ಬಿಗೆ ಮಿತಿಮೀರಿ ಹರಿಸಿದ ನೀರು, ಬಸಿಗಾಲುವೆ ಇಲ್ಲದಿರುವುದು ಸವಳಿನ ಹಳೆಯ ಕಾರಣಗಳು. ಬಿಸಿಲೇರಿದಷ್ಟೂ ಆವಿ ಹೆಚ್ಚು, ಉಪ್ಪೂ ಹೆಚ್ಚು. ಇದರಲ್ಲಿ ಕಾಲುವೆಯ ಪಾಲೆಷ್ಟು, ಕಾವಿನ ಪಾಲೆಷ್ಟು? ಒಂದು ಬೇಸಿಗೆಯಲ್ಲಿ ಇದು ಬಗೆಹರಿಯದು, ಲೆಕ್ಕವನ್ನಂತೂ ಶುರು ಮಾಡಬಹುದು.

ಆಸಕ್ತರು ಕಾಲೇಜಿನ ಮಾರ್ಗದರ್ಶಕರ ಪತ್ರ ಹಿಡಿದು ಫೆಬ್ರುವರಿಯಲ್ಲೇ ತುಕ್ಕಾನಟ್ಟಿಯ ಕೇಂದ್ರದವರನ್ನು ಈ ಕೆಲಸಕ್ಕೆ ಅವಕಾಶ ಕೇಳಿಕೊಳ್ಳಿ. ತಡಮಾಡಬೇಡಿ, ದೊಡ್ಡ ಮಳೆ ಬಿದ್ದ ಮೇಲೆ ಬಿಳಿ ಪದರ ಕರಗಿ ಒಳಗಿಳಿದುಬಿಡುತ್ತದೆ.