15 ಎಂ.ಬಿ. ಕೇಳಿದ ರಕ್ತಪಿಶಾಚಿ

ಅಂಗಡಿಯಿಂದ ತಂದು ವಾರವೂ ಕಳೆಯದ ಕಂಪ್ಯೂಟರು. ಒಳಗೆ 16 ಜಿ.ಬಿ. ಮೆಮೊರಿ. ಕಾಲೇಜು ದಿನಗಳ ನೆನಪಿಗೆ ಬಿದ್ದ ಯಾರೋ ಒಬ್ಬರು ಅದಕ್ಕೆ 2004ರ ‘ವ್ಯಾಂಪೈರ್: ದ ಮಾಸ್ಕರೇಡ್ – ಬ್ಲಡ್‌ಲೈನ್ಸ್’ ಆಟವನ್ನು ಹಳೆಯ ಡಿಸ್ಕಿನಿಂದ ಹಾಕಿಕೊಳ್ಳುತ್ತಾರೆ. ಐಕಾನ್ ಒತ್ತಿದರೆ ಲಾಸ್ ಏಂಜಲಿಸ್‌ನ ಕತ್ತಲ ಬೀದಿಗಳೂ ಇಲ್ಲ, ರಕ್ತಪಿಶಾಚಿಗಳೂ ಇಲ್ಲ. ಒಂದು ಪುಟ್ಟ ಬೂದು ಚೌಕ ಎದ್ದು ನಿಂತು, ಈ ಆಟಕ್ಕೆ ಕನಿಷ್ಠ 15 ಎಂ.ಬಿ. ಮೆಮೊರಿ ಬೇಕು ಎನ್ನುತ್ತದೆ. ಕೇಳಿದ್ದರ ಸಾವಿರ ಪಟ್ಟು ಎದುರಿಗೇ ಇದೆ. ಆಟಕ್ಕೆ ಮಾತ್ರ ಅದು ಕಾಣುತ್ತಿಲ್ಲ.

ಆಟ ಸುಳ್ಳು ಹೇಳುತ್ತಿಲ್ಲ, ಲೆಕ್ಕ ತಪ್ಪಿದೆ ಅಷ್ಟೆ. ಮೆಮೊರಿ ಎಷ್ಟಿದೆ ಎಂದು ವಿಂಡೋಸನ್ನು ಕೇಳಲು ಆ ಕಾಲದ ಪ್ರೋಗ್ರಾಮುಗಳು ಬಳಸುತ್ತಿದ್ದ ವಿಧಾನ 32 ಬಿಟ್‌ಗಳ ಸಂಖ್ಯೆಯಲ್ಲಿ ಉತ್ತರ ಕೊಡುತ್ತಿತ್ತು. 4 ಜಿ.ಬಿ. ದಾಟಿದ ಯಂತ್ರದಲ್ಲಿ ಆ ಪಾತ್ರೆ ತುಂಬಿ ಹರಿಯುತ್ತದೆ. ಆಗ ಬರುವ ಉತ್ತರ ಮೈನಸ್ ಒಂದು ಆಗಿಬಿಡಬಹುದು. ಮೈನಸ್ ಒಂದು ಹದಿನೈದಕ್ಕಿಂತ ಕಡಿಮೆಯೇ ತಾನೆ? ಆಟ ಬಾಗಿಲು ಹಾಕಿಕೊಳ್ಳುತ್ತದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಗೆ ಕಂಪ್ಯೂಟರು ಇನ್ನೊಂದು ಸಾಲು ಸೇರಿಸಿದೆ: ಎರಡೂ ಇದ್ದಾಗ ಬಾಯಿ ತೆರೆಯುವುದಿಲ್ಲ.

ಆರ್‌ಪಿಜಿ ಎಂದು ಕರೆಯುವ ಪಾತ್ರಾಭಿನಯದ ಆಟಗಳಿಗೆ ಈ ಕಾಯಿಲೆ ಸ್ವಲ್ಪ ಹೆಚ್ಚೇ. ಗುಂಡು ಹಾರಿಸುವ ಆಟವೊಂದು ಹತ್ತು ಗಂಟೆಗಳಲ್ಲಿ ಮುಗಿದು ಮರೆತುಹೋಗುತ್ತದೆ. ಆರ್‌ಪಿಜಿ ಹಾಗಲ್ಲ. ಅದು ನೂರು ಗಂಟೆ ಬೇಡುತ್ತದೆ, ಇಪ್ಪತ್ತು ವರ್ಷಗಳ ಮೇಲೂ ಜನ ಅದಕ್ಕೆ ಮರಳುತ್ತಾರೆ. ಮೇಲಾಗಿ ಅದರ ಮೈಯೇ ದೊಡ್ಡದು. 1998ರ ‘ಬಾಲ್ಡರ್ಸ್ ಗೇಟ್’ ಬಂದದ್ದು ಐದು ಸಿ.ಡಿ.ಗಳಲ್ಲಿ. ಅಂದಿನ ಹಾರ್ಡ್ ಡಿಸ್ಕಿಗೆ ಅಷ್ಟನ್ನೂ ನುಂಗುವ ಶಕ್ತಿ ಇರಲಿಲ್ಲ. ಹಾಗಾಗಿ ಒಂದಷ್ಟು ಡಿಸ್ಕಿನ ಮೇಲೆ, ಉಳಿದದ್ದು ಸಿ.ಡಿ.ಯಲ್ಲೇ. ಊರಿಂದ ಊರಿಗೆ ಹೋದಾಗಲೆಲ್ಲ ‘ನಾಲ್ಕನೇ ಸಿ.ಡಿ. ಹಾಕಿ’ ಎಂಬ ಅಪ್ಪಣೆ.

ಈಗಿನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಆದರೆ ಈ ಆಟದ ಗಂಟು ಬಿಚ್ಚುವುದು ಸುಲಭ. ಅದರ ಫೋಲ್ಡರಿನಲ್ಲಿ ‘ಬಾಲ್ಡರ್ ಡಾಟ್ ಐಎನ್‌ಐ’ ಎಂಬ ಪುಟ್ಟ ಪಠ್ಯ ಕಡತವಿದೆ, ಯಾವ ಸಿ.ಡಿ. ಎಲ್ಲಿದೆ ಎಂಬ ವಿಳಾಸಗಳೆಲ್ಲ ಅದರಲ್ಲಿ ಸಾಲಾಗಿ ಬರೆದಿವೆ. ಐದೂ ಡಿಸ್ಕುಗಳ ಸರಕನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ನೋಟ್‌ಪ್ಯಾಡಿನಲ್ಲಿ ಆ ವಿಳಾಸಗಳನ್ನು ತಿದ್ದಿದರೆ ಆಟ ಮತ್ತೆಂದೂ ಸಿ.ಡಿ. ಬದಲಿಸು ಎನ್ನುವುದಿಲ್ಲ. 1997ರ ‘ಫಾಲೌಟ್’ ಆಟದ ಕಾನ್ಫಿಗ್ ಕಡತದಲ್ಲೂ ಇದೇ ಬಗೆಯ ಸಾಲುಗಳಿವೆ. ರಿಪೇರಿಗೆಂದು ಕುಳಿತವರು ಮೊದಲು ತೆರೆಯಬೇಕಾದದ್ದು ಇಂಥ ಪಠ್ಯ ಕಡತಗಳನ್ನೇ. ಹೊಸ ಸಾಫ್ಟ್‌ವೇರ್ ಹುಡುಕುತ್ತ ಅಲೆಯುವವರು ಇದನ್ನು ಕೊನೆಗೆ ನೋಡುತ್ತಾರೆ.

ಅಷ್ಟು ದೂರ ಹೋಗಲೂ ಬಿಡದ ತೊಡಕುಗಳಿವೆ. ಎಷ್ಟೋ ಸಲ ಆಟ 32 ಬಿಟ್‌ನದು, ವಿಂಡೋಸ್ 95ಕ್ಕಾಗಿಯೇ ಬರೆದದ್ದು. ಅದನ್ನು ಡಿಸ್ಕಿಗೆ ಇಳಿಸುವ ಸೆಟಪ್ ಪ್ರೋಗ್ರಾಮು ಮಾತ್ರ 16 ಬಿಟ್‌ನದು. ತೊಂಬತ್ತರ ದಶಕದಲ್ಲಿ ಇದು ಮಾಮೂಲು. ಹಳೆಯ ವಿಂಡೋಸ್ ಇರುವ ಯಂತ್ರದಲ್ಲೂ ಸೆಟಪ್ ಶುರುವಾಗಿ, ‘ನಿಮ್ಮದು ಹಳತಾಯಿತು’ ಎಂದು ಮರ್ಯಾದೆಯಿಂದ ಹೇಳಲಿ ಎಂಬ ಕಾರಣಕ್ಕೆ ಎಷ್ಟೋ ಕಂಪನಿಗಳು ಹಾಗೆ ಮಾಡುತ್ತಿದ್ದವು. 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಪ್ರೋಗ್ರಾಮುಗಳಿಗೆ ಜಾಗವಿಲ್ಲ. 2021ರಲ್ಲಿ ಬಂದ ವಿಂಡೋಸ್ 11ರಲ್ಲಂತೂ 32 ಬಿಟ್ ಆವೃತ್ತಿಯೇ ಇಲ್ಲ. ಮನೆ ಸರಿಯಾಗಿದೆ, ಬೀಗದ ಕೈ ಮುರಿದಿದೆ.

ಇದು ಮೈಕ್ರೋಸಾಫ್ಟಿಗೆ ಗೊತ್ತಿರಲಿಲ್ಲವೆಂದಲ್ಲ. ಇನ್‌ಸ್ಟಾಲ್‌ಶೀಲ್ಡಿನ ಕೆಲವು ಹಳೆಯ 16 ಬಿಟ್ ಸೆಟಪ್‌ಗಳನ್ನು 64 ಬಿಟ್ ವಿಂಡೋಸ್ ಮುಖನೋಡಿ ಗುರುತಿಸುತ್ತದೆ. ಅವುಗಳ ಬದಲಿಗೆ ತನ್ನಲ್ಲೇ ಇಟ್ಟುಕೊಂಡ 32 ಬಿಟ್ ರೂಪವನ್ನು ಸದ್ದಿಲ್ಲದೆ ಓಡಿಸುತ್ತದೆ. ಒಂದು ಆಟ ಸಲೀಸಾಗಿ ಇಳಿದು, ಅದೇ ವರ್ಷದ ಇನ್ನೊಂದು ಹಟ ಹಿಡಿಯುವುದರ ಹಿಂದೆ ಹಲವು ಸಲ ಇರುವುದು ಇಷ್ಟೇ ಗುಟ್ಟು. ಪಟ್ಟಿಯಲ್ಲಿಲ್ಲದ ಸೆಟಪ್‌ಗಳಿಗೆ ‘ವೈನ್‌ವಿಡಿಎಂ’ ಎಂಬ ಮುಕ್ತ ತಂತ್ರಾಂಶ ನೆರವಾಗುತ್ತದೆ. ಅದೂ ಆಗದಿದ್ದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರು ಕಟ್ಟಿ, ಅದಕ್ಕೆ ವಿಂಡೋಸ್ 98 ಹಾಕಿ, ಅಲ್ಲಿ ಇನ್‌ಸ್ಟಾಲ್ ಮಾಡಿದ ಫೋಲ್ಡರನ್ನು ಹೊರಗೆ ಎಳೆದುಕೊಳ್ಳಬೇಕು.

ಸೆಟಪ್ ಹಾದುಹೋದರೂ ಕಾವಲುಗಾರ ಉಳಿದಿರುತ್ತಾನೆ. ನಕಲಿ ಸಿ.ಡಿ. ತಡೆಯಲು ಮ್ಯಾಕ್ರೋವಿಷನ್ ಕಂಪನಿ ಮಾರುತ್ತಿದ್ದ ಸೇಫ್‌ಡಿಸ್ಕ್ ಎಂಬ ರಕ್ಷಾಕವಚ ವಿಂಡೋಸಿನ ಒಳಗರ್ಭದಲ್ಲಿ ಕೂತು ಕೆಲಸ ಮಾಡುವ ಒಂದು ಡ್ರೈವರನ್ನು ಆಧರಿಸಿತ್ತು. ಅಷ್ಟು ಒಳಗೆ ಕೂತದ್ದು ಭದ್ರತೆಗೇ ಅಪಾಯ ಎಂದು ಕಂಡುಬಂದಿತು. 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಹೊರಗಿಟ್ಟಿತು. ಅದೇ ವರ್ಷದ ಸೆಪ್ಟೆಂಬರಿನ ಭದ್ರತಾ ಅಪ್‌ಡೇಟು ಹಿಂದಿನ ವಿಂಡೋಸ್‌ಗಳಲ್ಲೂ ಅದರ ಬಾಯಿ ಕಟ್ಟಿತು. ಪರಿಣಾಮ ಕೊಂಚ ಕ್ರೂರ: ದುಡ್ಡು ಕೊಟ್ಟು ಅಸಲಿ ಡಿಸ್ಕ್ ಕೊಂಡವರ ಆಟ ನಿಂತಿತು, ಕವಚ ಒಡೆದ ಕಳ್ಳಪ್ರತಿ ಮಾತ್ರ ಎಂದಿನಂತೆ ಓಡುತ್ತಿತ್ತು.

ಇನ್ನೂ ಹಿಂದಕ್ಕೆ, ವಿಂಡೋಸ್ 95ಕ್ಕೂ ಮುಂಚಿನ ಡಾಸ್ ಕಾಲಕ್ಕೆ ಹೋದರೆ, ತೊಂದರೆಗಳ ರಾಜ 1992ರ ‘ಅಲ್ಟಿಮಾ 7: ದ ಬ್ಲ್ಯಾಕ್ ಗೇಟ್’. ಅಮೆರಿಕದ ಆರಿಜಿನ್ ಸಿಸ್ಟಮ್ಸ್ ಕಂಪನಿಯಲ್ಲಿ ರಿಚರ್ಡ್ ಗ್ಯಾರಿಯಟ್ ಕಟ್ಟಿಸಿದ ಈ ಲೋಕದಲ್ಲಿ ಊರಿನ ಜನ ಹೊತ್ತಿಗೆ ಸರಿಯಾಗಿ ಏಳುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಹಿಟ್ಟು ನಾದಿ ಒಲೆಗಿಟ್ಟರೆ ರೊಟ್ಟಿಯಾಗುತ್ತದೆ. ಇಷ್ಟೆಲ್ಲವನ್ನೂ ಡಾಸ್‌ನ 640 ಕೆ.ಬಿ. ಎಂಬ ಗೋಡೆಯೊಳಗೆ ತುರುಕಲಾದೀತೆ? ಗೋಡೆ ದಾಟಲು ಅಂದಿನವರು ಇಎಂಎಂ386ರಂಥ ಮೆಮೊರಿ ಮೇಲ್ವಿಚಾರಕರನ್ನು ಬಳಸುತ್ತಿದ್ದರು. ಆರಿಜಿನ್ ಎಂಜಿನಿಯರುಗಳು ಅದನ್ನೂ ಒಪ್ಪದೆ ತಮ್ಮದೇ ಒಂದನ್ನು ಬರೆದು, ಅದಕ್ಕೆ ‘ವೂಡೂ’ ಎಂದು ಹೆಸರಿಟ್ಟರು. ವೂಡೂ ಎಂದರೆ ಮಾಟ. ಹೆಸರಿಟ್ಟವರು ಪ್ರಾಮಾಣಿಕರು.

ವೂಡೂಗೂ ಇಎಂಎಂ386ಗೂ ಎಣ್ಣೆ ಸೀಗೇಕಾಯಿ ಸಂಬಂಧ. ಪ್ರೊಸೆಸರಿನ ಹತೋಟಿ ಇಬ್ಬರಿಗೂ ಪೂರ್ತಿಯಾಗಿ ಬೇಕು. ಹೀಗಾಗಿ ಈ ಆಟಕ್ಕೆಂದೇ ಬೇರೆಯದೊಂದು ಬೂಟ್ ಫ್ಲಾಪಿ ಸಿದ್ಧಮಾಡಿ, ಕಾನ್ಫಿಗ್ ಡಾಟ್ ಸಿಸ್‌ನಲ್ಲಿ ಅದು ಬೇಡ, ಇದು ಬೇಡ ಎಂದು ಸಾಲು ಸಾಲು ಅಳಿಸಿ, ಮೌಸ್ ಮತ್ತು ಸೌಂಡ್ ಕಾರ್ಡಿಗೆ ಬೇಕಾದಷ್ಟನ್ನೇ ಉಳಿಸಿ, ಯಂತ್ರವನ್ನು ಮರುಚಾಲೂ ಮಾಡಬೇಕಿತ್ತು. ಮನೆಯವರು ಆಮೇಲೆ ಬೇರೆ ಕೆಲಸಕ್ಕೆ ಕಂಪ್ಯೂಟರು ಕೇಳಿದರೆ ಫ್ಲಾಪಿ ತೆಗೆದು ಮತ್ತೊಮ್ಮೆ ಮರುಚಾಲೂ. ಕಂಪ್ಯೂಟರಿನ ಒಳಮನೆ ಹೇಗಿರುತ್ತದೆ ಎಂಬುದನ್ನು ಒಂದು ತಲೆಮಾರಿನ ಹುಡುಗರು ಕಲಿತದ್ದು ತರಗತಿಯಲ್ಲಲ್ಲ, ಇಂಥ ಆಟಗಳ ಮುಂದೆ ಹಲ್ಲು ಕಡಿಯುತ್ತ.

ಈ ಜಗಳವನ್ನು ಇಂದು ಎರಡು ಬಗೆಯಲ್ಲಿ ಬಿಡಿಸಬಹುದು. ಒಂದು ಡಾಸ್‌ಬಾಕ್ಸ್. 2002ರಿಂದ ಬೆಳೆದುಬಂದ ಈ ಉಚಿತ ತಂತ್ರಾಂಶ ಹಳೆಯ ಪಿ.ಸಿ.ಯನ್ನೇ, ಅದರ ಸೌಂಡ್ ಬ್ಲಾಸ್ಟರ್ ಸಮೇತ, ಹೊಸ ಯಂತ್ರದೊಳಗೆ ನಟಿಸುತ್ತದೆ. ಇಲ್ಲಿ ಹೊಸಬರು ಎಡವುವುದು ಎರಡೇ ಕಡೆ. ಆಟದ ಫೋಲ್ಡರನ್ನು ‘ಮೌಂಟ್’ ಆದೇಶದಿಂದ ಸಿ ಡ್ರೈವ್ ಎಂದು ತೋರಿಸುವುದನ್ನು ಮರೆಯುತ್ತಾರೆ. ಸೌಂಡ್ ಕಾರ್ಡಿನ ವಿವರ ಕೇಳಿದಾಗ ಗಾಬರಿಯಾಗುತ್ತಾರೆ. ಡಾಸ್‌ಬಾಕ್ಸಿನ ಮಟ್ಟಿಗೆ ಉತ್ತರ ಸಿದ್ಧವಿದೆ: ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1. ಸೆಟಪ್ ತಾನಾಗಿ ಐಆರ್‌ಕ್ಯೂ 5 ಎಂದು ಊಹಿಸಿದ್ದರೆ ಮಾತು ಮೂಕವಾಗುತ್ತದೆ. ಪಾತ್ರಗಳು ಕುದುರೆಯಂತೆ ಓಡುತ್ತಿದ್ದರೆ ಕಂಟ್ರೋಲ್ ಮತ್ತು ಎಫ್11, ಆಮೆಯಂತೆ ತೆವಳುತ್ತಿದ್ದರೆ ಕಂಟ್ರೋಲ್ ಮತ್ತು ಎಫ್12. ಇನ್ನೊಂದು ಬಗೆ ‘ಎಗ್ಸಲ್ಟ್’. ಇದು ಅಲ್ಟಿಮಾ 7ರ ಎಂಜಿನನ್ನೇ ಹೊಸದಾಗಿ ಬರೆದ ಹವ್ಯಾಸಿಗಳ ಕೆಲಸ. ಮೂಲ ಆಟದ ಕಡತಗಳನ್ನು ಅದರ ಕೈಗಿಟ್ಟರೆ ವೂಡೂವಿನ ಗೊಡವೆಯೇ ಇಲ್ಲದೆ ಆಟ ನಡೆಯುತ್ತದೆ.

ಕನ್ನಡಿಗರಿಗೆ ಎದುರಾಗಬಹುದಾದ ಇನ್ನೊಂದು ತೊಡಕು ಇದೆ. ವಿಂಡೋಸಿನಲ್ಲಿ ಖಾತೆ ತೆರೆಯುವಾಗ ಅಭಿಮಾನದಿಂದ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದರೆ ಬಳಕೆದಾರರ ಫೋಲ್ಡರೂ ಕನ್ನಡದಲ್ಲೇ ಹುಟ್ಟುತ್ತದೆ. ಸೆಟಪ್ ಪ್ರೋಗ್ರಾಮುಗಳು ತಮ್ಮ ಗಂಟನ್ನು ಮೊದಲು ಬಿಚ್ಚುವ ತಾತ್ಕಾಲಿಕ ಫೋಲ್ಡರು ಇರುವುದು ಅದರೊಳಗೆ. ಹಳೆಯ ಆಟಗಳು ಯೂನಿಕೋಡ್ ಅರಿಯವು. ಒಂದೊಂದು ಭಾಷಾಗುಂಪಿಗೆ ಒಂದೊಂದು ಕೋಡ್ ಪೇಜ್ ಎಂಬ ಹಳೆಯ ವ್ಯವಸ್ಥೆಯಲ್ಲಿ ಓದುತ್ತವೆ. ರಷ್ಯನ್‌ಗೆ ಅಂಥದೊಂದಿದೆ, ಗ್ರೀಕಿಗೆ ಇದೆ, ಥಾಯ್‌ಗೂ ಇದೆ. ಕನ್ನಡಕ್ಕೆ ಇಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನೊಂದಿಗೆ ಕನ್ನಡ ಕಾಲಿಟ್ಟದ್ದೇ ಯೂನಿಕೋಡಿನ ಬಾಗಿಲಿನಿಂದ. ಹಾಗಾಗಿ ‘ಮಂಜುನಾಥ’ ಎಂಬುದು ಆಟದ ಕಣ್ಣಿಗೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಕಡತದ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಕೂಡದು ಎಂಬುದು ವಿಂಡೋಸಿನದೇ ಕಟ್ಟಳೆ! ಆಮೇಲೆ ಖಾತೆಯ ಹೆಸರು ಬದಲಿಸಿದರೂ ಫೋಲ್ಡರಿನ ಹೆಸರು ಬದಲಾಗುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ಅಲ್ಲಿಂದ ಇನ್‌ಸ್ಟಾಲ್ ಮಾಡುವುದು ಸುಲಭದ ದಾರಿ. ಹಳೆಯ ಆಟಗಳ ಸಲುವಾಗಿ ‘ಗೇಮ್ಸ್’ ಎಂಬ ಖಾತೆಯೊಂದನ್ನು ಬೇರೆಯೇ ಇಟ್ಟುಕೊಂಡರೆ ಅಭಿಮಾನಕ್ಕೂ ಪೆಟ್ಟಿಲ್ಲ.

ಇನ್‌ಸ್ಟಾಲ್ ಮಾಡುವ ಜಾಗದ ವಿಚಾರವೂ ಇದೆ. ಅಂದಿನ ಆಟಗಳು ಸೇವ್ ಕಡತಗಳನ್ನು ತಮ್ಮದೇ ಫೋಲ್ಡರಿನಲ್ಲಿ ಬರೆದಿಡುತ್ತಿದ್ದವು. ವಿಂಡೋಸ್ ವಿಸ್ಟಾ ಬಂದಮೇಲೆ ‘ಪ್ರೋಗ್ರಾಂ ಫೈಲ್ಸ್’ ಒಳಗೆ ಹಾಗೆ ಬರೆಯುವಂತಿಲ್ಲ; ಬರೆದದ್ದನ್ನು ವಿಂಡೋಸ್ ಗುಟ್ಟಾಗಿ ‘ವರ್ಚುವಲ್ ಸ್ಟೋರ್’ ಎಂಬ ಮೂಲೆಗೆ ಸಾಗಿಸುತ್ತದೆ. ಮೇಲೆ ಹೇಳಿದ ಐಎನ್‌ಐ ಕಡತವನ್ನು ಎಷ್ಟು ತಿದ್ದಿದರೂ ಆಟ ಕೇಳುತ್ತಿಲ್ಲವೆಂದರೆ ಅದು ಓದುತ್ತಿರುವುದು ಆ ಮೂಲೆಯ ಪ್ರತಿಯನ್ನು. ಸಿ ಡ್ರೈವಿನಲ್ಲಿ ನೇರವಾಗಿ ಒಂದು ಫೋಲ್ಡರು ಮಾಡಿ ಹಾಕಿದರೆ ಈ ತಕರಾರು ಮುಗಿಯಿತು.

ಫಾಲೌಟ್ ಬಣ್ಣಗೆಟ್ಟ ಕತೆ ಇನ್ನೂ ವಿಚಿತ್ರ. ಆ ಆಟದ್ದು ಬರೀ 256 ಬಣ್ಣಗಳ ತಟ್ಟೆ. ವಿಂಡೋಸ್ 7ರಲ್ಲಿ ಡೆಸ್ಕ್‌ಟಾಪನ್ನು ತೋರಿಸುವ ಎಕ್ಸ್‌ಪ್ಲೋರರ್ ಅದೇ ತಟ್ಟೆಗೆ ಕೈ ಹಾಕಿ, ಅಣುಯುದ್ಧಾನಂತರದ ಕಂದು ಮರುಭೂಮಿ ನೇರಳೆ ಹಸಿರಿನ ಓಕುಳಿಯಾಗುತ್ತಿತ್ತು. ಜನ ಕಂಡುಕೊಂಡ ಮದ್ದು: ಟಾಸ್ಕ್ ಮ್ಯಾನೇಜರಿನಲ್ಲಿ ಎಕ್ಸ್‌ಪ್ಲೋರರನ್ನೇ ಕೊಂದು ಆಟ ಶುರುಮಾಡುವುದು, ಮುಗಿದ ಮೇಲೆ ಬದುಕಿಸುವುದು.

ಹಾಕುವುದಷ್ಟೇ ಅಲ್ಲ, ತೆಗೆಯುವುದೂ ಒಮ್ಮೊಮ್ಮೆ ದುಬಾರಿ. 2001ರ ‘ಪೂಲ್ ಆಫ್ ರೇಡಿಯನ್ಸ್: ರೂಯಿನ್ಸ್ ಆಫ್ ಮಿಥ್ ಡ್ರಾನರ್’ ಆಟದ ಮೊದಲ ಪ್ರತಿಗಳನ್ನು ಅನ್‌ಇನ್‌ಸ್ಟಾಲ್ ಮಾಡಹೊರಟರೆ ಅದು ವಿಂಡೋಸಿನ ಸಿಸ್ಟಂ ಕಡತಗಳನ್ನೂ ಅಳಿಸಿಬಿಡುತ್ತಿತ್ತು. ಪ್ಯಾಚ್ ಬಂದಿತು, ನಿಜ. ಆದರೆ ಆಟ ಇಷ್ಟವಾಗದೆ ತೆಗೆಯಲು ಹೊರಟವನಿಗೆ ಇಂಥ ಶಿಕ್ಷೆಯನ್ನು ಯಾವ ಮಾಂತ್ರಿಕನೂ ಕೊಟ್ಟಿರಲಾರ.

ಈ ರಿಪೇರಿಗಳಲ್ಲಿ ಹೆಚ್ಚಿನವನ್ನು ಮಾಡಿದ್ದು ಆಟ ಮಾರಿದ ಕಂಪನಿಗಳಲ್ಲ. ಬ್ಲಡ್‌ಲೈನ್ಸ್ ತಯಾರಿಸಿದ ಟ್ರೋಯ್ಕಾ ಆಟ ಹೊರಬಂದ ಕೆಲವೇ ತಿಂಗಳಲ್ಲಿ, 2005ರಲ್ಲಿ, ಬಾಗಿಲು ಮುಚ್ಚಿತು. ಅಲ್ಲಿಂದೀಚೆಗೆ ಅದರ ದೋಷಗಳನ್ನು ತಿದ್ದುತ್ತ, ಆ 15 ಎಂ.ಬಿ. ಹಟವನ್ನೂ ಬಿಡಿಸಿ, ಅನಧಿಕೃತ ಪ್ಯಾಚುಗಳನ್ನು ಒಂದಾದ ಮೇಲೊಂದು ಬಿಡುತ್ತ ಬಂದವರು ವೆರ್ನರ್ ಸ್ಪಾಲ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ. ಕಂಪನಿ ಮನಸ್ಸು ಮಾಡಿದರೂ ಆಗದ್ದುಂಟು: ‘ಐಸ್‌ವಿಂಡ್ ಡೇಲ್ 2’ ಆಟಕ್ಕೆ ಹೊಸ ರೂಪ ಕೊಡಲು ಬೀಮ್‌ಡಾಗ್ ಕಂಪನಿ ಹೊರಟಾಗ ಅದರ ಮೂಲ ಕೋಡೇ ಸಿಗಲಿಲ್ಲ. ಇನ್ನೊಂದೆಡೆ, 1999ರಲ್ಲಿ ಬಾಲ್ಡರ್ಸ್ ಗೇಟನ್ನು ಪೋಲಿಷ್ ಭಾಷೆಗೆ ತಂದು ಹೆಸರು ಮಾಡಿದ ವಾರ್ಸಾದ ಸಿಡಿ ಪ್ರಾಜೆಕ್ಟ್ 2008ರಲ್ಲಿ ‘ಗುಡ್ ಓಲ್ಡ್ ಗೇಮ್ಸ್’ ಮಳಿಗೆ ತೆರೆಯಿತು; ಹಳೆಯ ಆಟಗಳಿಗೆ ಡಾಸ್‌ಬಾಕ್ಸನ್ನು ಮೊದಲೇ ಹೊಂದಿಸಿ, ರಕ್ಷಾಕವಚ ಕಳಚಿ ಮಾರತೊಡಗಿತು. ಸಂಜೆಯೆಲ್ಲ ರಿಪೇರಿಯಲ್ಲಿ ಕಳೆಯಲು ಮನಸ್ಸಿಲ್ಲದವರು ಅಲ್ಲಿ ಕೊಂಡುಕೊಳ್ಳುವುದೇ ಮೇಲು. ರಿಪೇರಿಯೇ ಆಟವೆನ್ನುವವರೂ ಇದ್ದಾರೆ. ಅವರ ವಿಷಯ ಬೇರೆ.

ಅಂಥವರು ಎಲ್ಲವನ್ನೂ ಗೆದ್ದರೆನ್ನಿ. 1988ರ ಮೊದಲ ‘ಪೂಲ್ ಆಫ್ ರೇಡಿಯನ್ಸ್’ ಡಾಸ್‌ಬಾಕ್ಸಿನಲ್ಲಿ ತೆರೆದುಕೊಂಡಿದೆ, ವೇಗ ಹದವಾಗಿದೆ. ಆಗ ಪರದೆಯ ಮೇಲೆ ಎರಡು ಅಪರಿಚಿತ ಲಿಪಿಯ ಅಕ್ಷರಗಳು ಮೂಡುತ್ತವೆ. ಪೆಟ್ಟಿಗೆಯೊಳಗೆ ಬಂದಿದ್ದ ರಟ್ಟಿನ ಚಕ್ರವನ್ನು ಎತ್ತಿಕೊಳ್ಳಿ, ಈ ಎರಡು ಅಕ್ಷರಗಳು ಎದುರುಬದುರಾಗುವಂತೆ ತಿರುಗಿಸಿ, ಕಿಂಡಿಯಲ್ಲಿ ಕಾಣುವ ಪದವನ್ನು ಬರೆಯಿರಿ. ಮೂರು ದಶಕಗಳಾದ ಮೇಲೆ ಆ ಚಕ್ರ ಯಾರ ಮನೆಯ ಅಟ್ಟದಲ್ಲಿದೆಯೋ. ಅದರ ಚಿತ್ರಗಳನ್ನು ಮುದ್ರಿಸಿಕೊಂಡು, ರಟ್ಟಿಗೆ ಅಂಟಿಸಿ, ಕತ್ತರಿಯಿಂದ ದುಂಡಗೆ ಕತ್ತರಿಸಿ, ನಡುವೆ ಗುಂಡುಪಿನ್ನು ಚುಚ್ಚಿ ತಿರುಗಿಸುತ್ತ ಕೂತವರ ಪಕ್ಕದಲ್ಲಿ 16 ಜಿ.ಬಿ. ಮೆಮೊರಿಯ ಕಂಪ್ಯೂಟರು ಕರ್ಸರ್ ಮಿನುಗಿಸುತ್ತ ಕಾಯುತ್ತಿರುತ್ತದೆ.