ಪೆಟ್ಟಿಗೆ ಸೇರಿದ ಕೈಗಡಿಯಾರ

ಗೆಳತಿಯರೇ, ನಮ್ಮ ತಾಯಂದಿರ ಕಾಲದಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮದುವೆಯೆಂದರೆ ಹುಡುಗಿಗೆ ಮೊಳಕಾಲ್ಮೂರು ಸೀರೆ, ಹುಡುಗನಿಗೆ ಎಚ್.ಎಂ.ಟಿ. ವಾಚು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ವಾಚಿನ ಕಾರ್ಖಾನೆ ಆಮೇಲೆ ಪಕ್ಕದ ತುಮಕೂರಿಗೂ ಬಂತು. ಬ್ಯಾಟರಿ ವಾಚುಗಳ ಮುಂದೆ ಸೊರಗಿತು. 2016ರಲ್ಲಿ ಸರ್ಕಾರ ಮುಚ್ಚಲು ತೀರ್ಮಾನಿಸಿತು.

ಈಗಿನ ಮಕ್ಕಳ ಕೈ ಬರಿದು. ಹೊತ್ತು ನೋಡಲೆಂದು ಮೊಬೈಲ್ ತೆಗೆದರೆ ಅರ್ಧ ಗಂಟೆ ಅದರಲ್ಲೇ ಕಳೆಯಿತು! ಬೈದರೆ ಕೇಳುತ್ತಾರೆಯೇ? ಅದಕ್ಕೇ ಪೆಟ್ಟಿಗೆಯಲ್ಲಿರುವ ತಾತನ ವಾಚನ್ನು ಹೊರಗೆ ತೆಗೆಯಿರಿ. ಜನತಾ, ಪೈಲಟ್‌ನಂಥ ಕೀ ಕೊಡುವ ವಾಚಿಗೆ ಬ್ಯಾಟರಿ ಬೇಡ. ರಿಪೇರಿಯವರ ಹತ್ತಿರ ಒಮ್ಮೆ ಕ್ಲೀನ್ ಮಾಡಿಸಿ. ದಿನಾ ಬೆಳಿಗ್ಗೆ ಕೀ ಕೊಡಿ, ಬಿಗಿಯಾದೊಡನೆ ನಿಲ್ಲಿಸಿ. ನೀರು ತಾಗಿಸಬೇಡಿ. ಆಮೇಲೆ ಮಗನಿಗೋ ಮಗಳಿಗೋ ಕಟ್ಟಿ. ಮೊಬೈಲ್ ಮುಟ್ಟದೆಯೇ ಹೊತ್ತು ಗೊತ್ತಾಗಲಿ.